ಮಾಸ್ಟಾರು ಮೌಸ್ ಮುಟ್ಟಲಿಲ್ಲ

ಕಂಪ್ಯೂಟರ್ ಮೇಜಿನ ಪಕ್ಕದಲ್ಲಿ ನಿಂತರೆ ಮಾಸ್ಟಾರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಎಡಗೈ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿರುತ್ತಿತ್ತು, ಕೊಸರಾಡುವ ಕರುವಿನ ಹಗ್ಗ ಹಿಡಿದ ಹಾಗೆ. ಗಂಡನಿಲ್ಲದವಳ ಹತ್ತಿರ ನಿಲ್ಲುವಾಗ ಇಷ್ಟು ಮರ್ಯಾದೆ ಇಟ್ಟುಕೊಂಡಿದ್ದಾರಲ್ಲ ಎಂದು ನನಗೆ ಸಮಾಧಾನವಾಗಿತ್ತು.

ಮಕ್ಕಳೇ, ನೀವು ಆಗ ತೀರ ಚಿಕ್ಕವರು. ನಿಮ್ಮ ಅಜ್ಜ ವಿಶಾಖಪಟ್ಟಣದಲ್ಲಿ ತೀರಿಕೊಂಡ ಮೇಲೆ ನಿಮ್ಮ ಅಮ್ಮ ನನ್ನನ್ನು ವಿಜಯವಾಡಕ್ಕೆ, ಪಟಮಟದ ಈ ಮನೆಗೆ ಕರೆತಂದಳು. ಸೀರೆಯ ಪೆಟ್ಟಿಗೆಯ ಜೊತೆ ನಾನು ಹಟ ಹಿಡಿದು ತಂದದ್ದು ಅಜ್ಜನ ಕಂಪ್ಯೂಟರ್ ಒಂದೇ. ಅದರಲ್ಲಿ ಅವರ ದನಿ ಇತ್ತು. ಒಮ್ಮೆ ದುವ್ವಾಡ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಾ ನನ್ನ ವಿಡಿಯೋ ತೆಗೆದಿದ್ದರು. ಅದರಲ್ಲಿ ಅವರು ಕಾಣುವುದಿಲ್ಲ. ನಾನು ಸೆರಗು ಎಳೆದುಕೊಂಡು ನೆಲ ನೋಡುತ್ತಿರುತ್ತೇನೆ. "ತಲಿ ಎತ್ತ ಸ್ವಲ್ಪ. ಕ್ಯಾಮೆರಾ ಏನ್ ಕಡಿಯಂಗಿಲ್ಲ" ಎನ್ನುತ್ತಾರೆ, ನಗುತ್ತಾರೆ. ಅಷ್ಟೇ. ಅವರ ದನಿ ಬೇರೆಲ್ಲೂ ಉಳಿದಿರಲಿಲ್ಲ.

ಬರಬರುತ್ತಾ ಆ ಕಂಪ್ಯೂಟರ್ ತೆರೆದುಕೊಳ್ಳುವಷ್ಟರಲ್ಲಿ ಕುಕ್ಕರಿನಲ್ಲಿ ಅನ್ನವೇ ಆಗಿಬಿಡುತ್ತಿತ್ತು. ಇದಕ್ಕೆ ಹೊಸ ವಿಂಡೋಸ್ ಹಿಡಿಸುವುದಿಲ್ಲ, ಗುಜರಿಗೆ ಹಾಕಿ ಎಂದರು ಅಂಗಡಿಯವರು. ಆಗ ಬಂದವರು ಕೆಳಗಿನ ಮನೆಯ ಮಾಸ್ಟಾರು, ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಪಾಠ ಹೇಳಿ ನಿವೃತ್ತರಾದವರು.

"ಯಂತ್ರ ಗಟ್ಟಿಯಾಗಿದೆ ಚೆಲ್ಲೆಮ್ಮಾ. ಒಳಗಿನ ಸಿಸ್ಟಂ ಬದಲಾಯಿಸಿ ಲಿನಕ್ಸ್ ಹಾಕೋಣ. ನಿಮ್ಮ ಕನ್ನಡದಲ್ಲೇ ಬರುತ್ತದೆ" ಎಂದರು. ಚೆಲ್ಲೆಮ್ಮ ಎಂದರೆ ತೆಲುಗಿನಲ್ಲಿ ತಂಗಿ. ಅವರು ಹೇಳಿದ್ದೆಲ್ಲ ತೆಲುಗಿನಲ್ಲೇ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಗೆ ನಿಲ್ಲಿಸಿದವಳು ನಾನು. ಅವರೇ ಮಾಡಿಕೊಟ್ಟು ಹೋಗುತ್ತಾರೆ ಎಂದುಕೊಂಡಿದ್ದೆ. ಅವರು ಕೈ ಕಟ್ಟಿಕೊಂಡು ನಿಂತು ಎಲ್ಲವನ್ನೂ ನನ್ನಿಂದಲೇ ಮಾಡಿಸಿದರು. "ಎಡಗಡೆ. ಇನ್ನೂ ಕೆಳಗೆ. ಹಾಂ, ಅಲ್ಲೇ. ಓದಿ, ಆಮೇಲೆ ಒತ್ತಿ." ಮೊದಲು ಫೋಟೋ, ವಿಡಿಯೋಗಳನ್ನು ಪೆನ್ ಡ್ರೈವಿಗೆ ಹಾಕಿಸಿದರು. ಅದನ್ನು ತಮ್ಮ ಮನೆಗೆ ಒಯ್ದು, ಎಲ್ಲ ಸರಿಯಾಗಿ ಬಂದಿದೆಯೇ ಎಂದು ನೋಡಿಕೊಂಡು ಮರುದಿನ ಬಂದರು.

ಹೊಸ ಸಿಸ್ಟಂ ಕೂರಿಸುವಾಗ ತೆರೆಯ ಮೇಲೆ ಒಂದು ಸಾಲು ಬಂತು. ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂದು. ಇಂಗ್ಲಿಷಿನಲ್ಲಿ ಇದ್ದಿದ್ದರೆ ಅವರು ಹೇಳಿದ ಕಡೆ ಒತ್ತಿಬಿಡುತ್ತಿದ್ದೆ. ಕನ್ನಡದಲ್ಲಿತ್ತು. ಅರ್ಥವಾಯಿತು. ಕೈ ಮುಂದೆ ಹೋಗಲಿಲ್ಲ.

"ಕಾಪಿ ನನ್ನ ಜೇಬಿನಲ್ಲಿದೆ. ನಿಮ್ಮ ಯಜಮಾನರ ದನಿ ಕೇಳಿಯೇ ಮೇಲೆ ಬಂದೆ" ಎಂದರು.

"ಮಾಸ್ಟಾರು, ನೀವೇ ಒತ್ತಿ. ನನ್ನ ಕೈಯಾರೆ ಅವರನ್ನು ಅಳಿಸಲಾರೆ" ಎಂದು ಎದ್ದು ನಿಂತೆ.

ಅವರು ಬಲಗೈಯನ್ನು ಮುಂದೆ ತಂದು ಮೌಸ್ ಮೇಲೆ ಇಡಲು ಹೋದರು. ಆ ಕೈ ಗಾಳಿಗೆ ಸಿಕ್ಕ ಎಲೆಯಂತೆ ನಡುಗುತ್ತಿತ್ತು. ಮುಟ್ಟುವ ಮೊದಲೇ ಹಿಂದಕ್ಕೆ ತೆಗೆದುಕೊಂಡರು.

"ನಾನು ಮೌಸ್ ಹಿಡಿದರೆ ತೆರೆಯ ಮೇಲಿನ ಬಾಣ ಊರೆಲ್ಲ ಸುತ್ತುತ್ತದೆ, ಮನೆಗೆ ಮಾತ್ರ ಬರುವುದಿಲ್ಲ" ಎಂದು ನಕ್ಕರು. ನನಗೆ ನಗು ಬರಲಿಲ್ಲ. "ಅದಕ್ಕೇ ಚೆಲ್ಲೆಮ್ಮಾ, ಕಟ್ಟಿ ಹಾಕಿರುತ್ತೇನೆ. ನೀವು ಒತ್ತಿದರೇ ಆಗುವುದು."

ಕೂತೆ. ಒತ್ತಿದೆ. ಅಳಿಸಿದ್ದೇನೂ ಕಣ್ಣಿಗೆ ಕಾಣಲಿಲ್ಲ. ಬಣ್ಣದ ಪಟ್ಟಿಯೊಂದು ಮೆಲ್ಲಗೆ ತುಂಬುತ್ತಾ ಹೋಯಿತು. ಎಲ್ಲ ಮುಗಿದು ಪೆನ್ ಡ್ರೈವ್ ಚುಚ್ಚಿದಾಗ ಹೊಸ ಸಿಸ್ಟಂನಲ್ಲಿ ನಿಮ್ಮ ಅಜ್ಜ "ತಲಿ ಎತ್ತ ಸ್ವಲ್ಪ" ಎಂದರು. ಮಾಸ್ಟಾರು ಕಿಟಕಿಯ ಕಡೆ ತಿರುಗಿ ನಿಂತರು, ನಾನು ಅಳುವುದು ಮುಗಿಯುವ ತನಕ.

ಆಮೇಲೆ ದಿನಾ ಸಂಜೆ ಬರುತ್ತಿದ್ದರು. ತೆರೆಯ ಮೇಲಿನ ಕನ್ನಡವನ್ನು ತೆಲುಗಿನ ಆಧಾರದಿಂದ ಅಕ್ಷರ ಅಕ್ಷರ ಕೂಡಿಸಿ ಓದುವರು. ತಡವರಿಸಿದರೆ ನಾನು ಹೇಳಿಕೊಡಬೇಕು. "ಈಗ ನಾನು ಒಂದನೇ ಕ್ಲಾಸು, ನೀವು ಟೀಚರ್" ಎನ್ನುವರು. ಅವರ ಎದುರು ತಲೆ ಎತ್ತಿ ಮಾತಾಡುವುದು ನನಗೆ ಯಾವಾಗ ರೂಢಿಯಾಯಿತೋ ತಿಳಿಯದು. ಒಂದು ದಿನ ಒಂದು ಪುಟ ಪೂರ್ತಿ ಕನ್ನಡದಲ್ಲಿ ಟೈಪ್ ಮಾಡಿ ತೋರಿಸಿದೆ. "ಇನ್ನು ನಾನಿಲ್ಲದಿದ್ದರೂ ನಡೆಯುತ್ತದೆ" ಎಂದರು. "ಹಾಗನ್ನಬೇಡಿ ಅಣ್ಣಯ್ಯಾ" ಎಂದೆ. ಅವರನ್ನು ಅಣ್ಣಯ್ಯ ಎಂದದ್ದು ಅದೇ ಮೊದಲು.

ಅವರಿಗೆ ಮೆಟ್ಟಿಲು ಹತ್ತಲು ಆಗದಂತಾದ ಮೇಲೆ ನಾನೇ ಕೆಳಗೆ ಹೋಗುತ್ತಿದ್ದೆ. ಅವರ ಹೆಂಡತಿ ಕಾಫಿಯನ್ನು ಚಮಚದಲ್ಲಿ ಕುಡಿಸುತ್ತಿದ್ದರು. ಮಾಸ್ಟಾರರ ಮಾತು ತೊದಲುತ್ತಿತ್ತು. ಆದರೂ ನನ್ನನ್ನು ಕಂಡ ಕೂಡಲೇ, "ಓದಿ ಒತ್ತುತ್ತಿದ್ದೀರಿ ತಾನೇ?" ಎಂದು ಕೇಳುತ್ತಿದ್ದರು.

ಇದನ್ನೆಲ್ಲ ಅದೇ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದೇನೆ. ನಿಮಗೆ ಕನ್ನಡ ಓದಲು ಕಷ್ಟವಾದರೆ ಮಾಸ್ಟಾರರ ಹಾಗೆ ಅಕ್ಷರ ಅಕ್ಷರ ಕೂಡಿಸಿ. ಗೊತ್ತಾಗದಿದ್ದಲ್ಲಿ ನನ್ನನ್ನು ಕೇಳಿ.

ಅವರು ಹೋದ ದಿನ ಅಂಗಳದ ತುಂಬ ಗಂಡಸರಿದ್ದರು. ಅವರ ನಡುವೆ ದಾಟಿ ಮುಂದೆ ಹೋದೆ. ಮಾಸ್ಟಾರರ ಎರಡೂ ಕೈಗಳನ್ನು ಎದೆಯ ಮೇಲೆ ಇಟ್ಟಿದ್ದರು. ಆ ಬಲಗೈ ಸುಮ್ಮನಿರುವುದನ್ನು ನಾನು ಎಂದೂ ಕಂಡಿರಲಿಲ್ಲ. ಒಮ್ಮೆಯಾದರೂ ನಡುಗಲಿ ಎಂದು ಅದನ್ನೇ ನೋಡುತ್ತಾ ನಿಂತಿದ್ದೆ.