ಟೀಚರ್ ಹೆಸರಿನಲ್ಲಿ ತಂದ ಎಣ್ಣೆ

ಸುಜಾತಾ ಟೀಚರ್, ಆ ಕೂಪನ್ನಿನ ಮೇಲೆ ನಿಮ್ಮ ಹೆಸರು ಬರೆದವಳು ನಾನು. ನಿಮಗದು ಅಂದೇ ತಿಳಿದಿತ್ತು. ಆದರೆ ನನ್ನ ಬಾಯಿಂದ ಈ ಮಾತು ಬರಲು ಇಷ್ಟು ವರ್ಷ ಬೇಕಾಯಿತು.

ಆಗ ಅರಸೀಕೆರೆಯಲ್ಲಿ ಹೊಸದಾಗಿ ತೆರೆದಿದ್ದ ದಿನಸಿ ಅಂಗಡಿಯವರು ಪೇಪರಿನಲ್ಲಿ ಕೂಪನ್ ಹಾಕಿಸುತ್ತಿದ್ದರು. ಕತ್ತರಿಸಿ, ಹೆಸರು ವಿಳಾಸ ಬರೆದು ಕೊಟ್ಟರೆ ಅಡುಗೆ ಎಣ್ಣೆ ಅರ್ಧ ಬೆಲೆಗೆ; ಮನೆಗೊಂದೇ ಎಂಬ ಷರತ್ತು. ನಮ್ಮ ಮನೆಗೊಂದು ಪೇಪರ್ ಬರುತ್ತಿತ್ತು, ಯಜಮಾನರ ಕೊಬ್ಬರಿ ಮಂಡಿಗೆ ಇನ್ನೊಂದು. ಕೊರತೆಯಿದ್ದ ಮನೆಯಲ್ಲ ನಮ್ಮದು. ಆದರೆ ಮನೆಗೆ ಬಂದವರ ಮುಂದೆಲ್ಲ ಅತ್ತೆ, ‘ನಮ್ಮ ಗಿರಿಜ ಹೇಗೆ ಉಳಿಸ್ತಾಳೆ ನೋಡಿ’ ಎನ್ನುತ್ತಿದ್ದರು — ಆ ಹೊಗಳಿಕೆ ನನಗೆ ಬೇಕಾಗಿತ್ತು. ಮಂಡಿಯ ಪೇಪರಿನಿಂದ ಕತ್ತರಿಸಿದ ಕೂಪನ್ನಿನ ಮೇಲೆ ನಿಮ್ಮ ಹೆಸರು ಬರೆದೆ. ಪಕ್ಕದ ಮನೆಯವರದು, ಅವರು ಕೆಲಸಕ್ಕೆ ಹೋಗಿದ್ದಾರೆ ಎಂದು ಅಂಗಡಿಯ ಆಳಿಗೆ ಹೇಳಿ ಎಣ್ಣೆ ತಂದೆ.

ನೀವು ನಮಗೇ ಸೇರಿದ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದಿರಿ. ದಿನಾ ರೈಲಿನಲ್ಲಿ ಬಾಣಾವರದ ಸ್ಕೂಲಿಗೆ ಹೋಗಿ ಬರುತ್ತಿದ್ದಿರಿ. ಸಂಜೆ ನನ್ನ ಮಗಳನ್ನು ಕೂರಿಸಿಕೊಂಡು, ಏನೂ ತೆಗೆದುಕೊಳ್ಳದೆ ಪಾಠ ಹೇಳಿಕೊಡುತ್ತಿದ್ದಿರಿ. ನಿಮ್ಮ ನಡುಮನೆಯಲ್ಲಿ ಬುದ್ಧನ ಪಟವಿತ್ತು. ಅತ್ತೆ ನಿಮ್ಮಲ್ಲಿ ನೀರೂ ಮುಟ್ಟುತ್ತಿರಲಿಲ್ಲ. ನಾನು ಮಾತ್ರ ಕಾಫಿ ಕುಡಿದು ಬರುತ್ತಿದ್ದೆ — ಅದೇ ನನ್ನ ದೊಡ್ಡ ಗುಣ ಅಂದುಕೊಂಡಿದ್ದೆ.

ಸಂಬಳ ಬರುವವರು ಕೂಪನ್ ಹಿಡಿದು ಯಾಕೆ ಬಂದಾರು ಎಂಬುದು ನನ್ನ ಧೈರ್ಯ. ನೀವು ಬಂದಿರಿ. ಶನಿವಾರ ಸ್ಕೂಲು ಬೇಗ ಬಿಟ್ಟಿತ್ತು. ನಾನು ಬೆಲ್ಲ ಕಟ್ಟಿಸಿಕೊಳ್ಳುತ್ತಾ ಅಲ್ಲೇ ನಿಂತಿದ್ದೆ. ಗಲ್ಲಾದ ಮೇಲಿದ್ದ ಸಾಹುಕಾರರು ನಿಮ್ಮ ಕೂಪನ್ ಓದಿ, ತಂತಿಗೆ ಚುಚ್ಚಿದ್ದ ಹಳೆಯವುಗಳನ್ನು ತಿರುವಿ, ಒಂದನ್ನು ಎಳೆದು ನಿಮ್ಮ ಮುಂದೆ ಹಾಕಿದರು.

“ಆಗಲೇ ತಗೊಂಡು ಹೋಗಿದೀರಲ್ರೀ. ನಿಮ್ಮ ಜನಕ್ಕೆ ಎಷ್ಟು ಕೊಟ್ರೂ ಸಾಲದು.”

ಅಂಗಡಿ ತುಂಬ ಜನ. ಯಾರೋ ನಕ್ಕರು. ನೀವು ಆ ಚೂರನ್ನು ಕೈಗೆತ್ತಿಕೊಂಡು ನೋಡಿದಿರಿ. ನನ್ನ ಮಗಳ ಪುಸ್ತಕಗಳ ಮೇಲೆ ಹೆಸರು ಬರೆಯುತ್ತಿದ್ದವಳು ನಾನು, ಆ ಪುಸ್ತಕಗಳನ್ನು ತಿದ್ದುತ್ತಿದ್ದವರು ನೀವು — ಆ ಅಕ್ಷರ ನಿಮಗೆ ಗೊತ್ತಾಗದೆ ಇರುತ್ತದೆಯೇ? ತಲೆಯೆತ್ತಿ ನನ್ನತ್ತ ತಿರುಗಿದಿರಿ.

“ಗಿರಿಜಕ್ಕ, ನೀವು ಹೇಳಿ. ಇದು ನಾನು ಬರೆದಿದ್ದಾ?”

ನನಗೆ ಅವಕಾಶ ಕೊಟ್ಟಿರಿ. ಬರೆದವಳು ನಾನೆಂದು ನೀವಾಗಿ ಹೇಳಲಿಲ್ಲ. ನಾನು —

“ನಂಗೇನು ಗೊತ್ತಮ್ಮ,” ಎಂದೆ.

ನೀವು ಎರಡು ಕೂಪನ್ನುಗಳನ್ನೂ ಗಲ್ಲಾದ ಮೇಲಿಟ್ಟು ಹೊರಟುಹೋದಿರಿ. ನಾನು ಬೆಲ್ಲ ತೆಗೆದುಕೊಂಡೇ ಮನೆಗೆ ಬಂದೆ.

ಅಷ್ಟಕ್ಕೇ ಮುಗಿದಿದ್ದರೆ... ಮುಗಿಯಲಿಲ್ಲ. ಸುದ್ದಿ ಬೀದಿಯೆಲ್ಲ ಸುತ್ತಿ ಅತ್ತೆಯ ಕಿವಿಗೂ ಬಿತ್ತು. ಇಂಥವರನ್ನು ಪಕ್ಕದಲ್ಲಿ ಇಟ್ಟುಕೊಳ್ಳುವುದು ಬೇಡ, ಮನೆ ಬಿಡಿಸು ಎಂದು ಯಜಮಾನರ ಹತ್ತಿರ ಹಟ ಹಿಡಿದರು. ಊಟ ಬಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡೆ. ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ಮನೆ ರಿಪೇರಿ ಮಾಡಿಸಬೇಕಂತೆ ಎಂಬ ಸುಳ್ಳನ್ನು ನಿಮ್ಮ ಬಾಗಿಲಿಗೆ ತಂದವಳೂ ನಾನೇ. ನೀವು ನನ್ನನ್ನು ಒಳಗೆ ಕರೆಯಲಿಲ್ಲ. “ಆಯ್ತು, ಮಾಡಿಸಿ,” ಎಂದಷ್ಟೇ ಹೇಳಿದಿರಿ. ಟೀಚರ್ ಯಾಕೆ ಹೋದರು ಎಂದು ನನ್ನ ಮಗಳು ಅತ್ತಾಗ ಅವಳಿಗೂ ಅದೇ ಸುಳ್ಳು.

ಎಷ್ಟೋ ಕಾಲದ ಮೇಲೆ ಬೇಲೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿರಿ. ಜೊತೆಗೆ, ಆಮೇಲೆ ಹುಟ್ಟಿ ಬೆಳೆದ ನಿಮ್ಮ ಮಗಳು. ಈಗ ಇದೇ ಊರಿನಲ್ಲಿದ್ದೇವೆ ಎಂದಿರಿ. ಅರಸೀಕೆರೆಯಲ್ಲಿ ನಮ್ಮ ಪಕ್ಕದ ಮನೆಯವರು ಎಂದು ಪರಿಚಯಿಸಿದಿರಿ, ಬೇರೇನೂ ಸೇರಿಸಲಿಲ್ಲ. ಆ ಹುಡುಗಿ ನನಗೆ ಕೈಮುಗಿದಳು. ನನ್ನ ಬಸ್ಸು ಬಂತು. ಬಂತಲ್ಲ ಸದ್ಯ ಎಂದು ಹತ್ತಿಬಿಟ್ಟೆ. ಕಿಟಕಿಯಿಂದ ನಿಮ್ಮತ್ತ ನೋಡುವ ಧೈರ್ಯವೂ ಇರಲಿಲ್ಲ.

ಈಚೆಗೆ ನಮ್ಮ ಬೀದಿಯ ಹೆಂಗಸರು ಮನೆಯಲ್ಲಿ ಸೇರಿದ್ದಾಗ ಹೇಳಿಬಿಟ್ಟೆ. ಅಂದು ನಿಮ್ಮ ಬಗ್ಗೆ ಆಡಿಕೊಂಡವರೇ ಅವರೆಲ್ಲ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಹಳೆಯದನ್ನೆಲ್ಲ ಯಾಕೆ ಕೆದಕುತ್ತೀ ಎಂದು ಒಬ್ಬರು ಸಮಾಧಾನ ಮಾಡಿದರು. ಇನ್ನೊಬ್ಬರು ಕಾಫಿ ಲೋಟ ಕೆಳಗಿಟ್ಟು, “ಅವರೇನು ಸಾಚಾನೇನೇ? ಇದಲ್ದೇ ಇದ್ರೆ ಇನ್ನೊಂದು ಮಾಡಿರ್ತಾರೆ, ಬಿಡು,” ಎಂದರು.

ಬೀದಿಯಲ್ಲಿ ಅಷ್ಟೊಂದು ಮನೆಗಳಿದ್ದರೂ ನಿಮ್ಮ ಹೆಸರನ್ನೇ ಯಾಕೆ ಬರೆದೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೆ. ನೆರೆಯವರು, ಸಲಿಗೆಯವರು, ಅದಕ್ಕೇ — ಎಂದು ಸಮಾಧಾನ ಹೇಳಿಕೊಂಡಿದ್ದೆ. ಅಲ್ಲ, ಟೀಚರ್. ಸಿಕ್ಕಿಬಿದ್ದರೆ ಜನ ಯಾರನ್ನು ನಂಬುತ್ತಾರೆ ಎಂಬುದು ನನಗೆ ಗೊತ್ತಿತ್ತು. ನಿಮ್ಮ ಮನೆಯ ಕಾಫಿ ಕುಡಿಯುವಾಗಲೂ ಗೊತ್ತಿತ್ತು.

ಈ ಭಾನುವಾರ ಬೇಲೂರಿಗೆ ಬರುತ್ತೇನೆ. ಕ್ಷಮಿಸಿ ಎಂದು ಕೇಳಲು ಅಲ್ಲ. ಅಂದು ಅಂಗಡಿಯಲ್ಲಿ ಜನರ ಮುಂದೆ ಹೇಳಬೇಕಾಗಿದ್ದನ್ನು ನಿಮ್ಮ ಮಗಳ ಮುಂದೆ ಹೇಳುತ್ತೇನೆ. ಆಮೇಲೆ ನೀವು ಕೂತ್ಕೊಳ್ಳಿ ಎಂದರೆ ಕೂರುತ್ತೇನೆ. ಹೊರಡಿ ಎಂದರೆ ಹೊರಡುತ್ತೇನೆ.