ಆರ್ವಿಲ್ ಹಿಡಿದ ಮೊದಲ ಚೆಂಡು

ನನ್ನ ಭಾವ ಆರ್ವಿಲ್ ಸ್ಟಕೀ ಕೂತು ಕಾಫಿ ಕುಡಿದದ್ದನ್ನು ನಾನಂತೂ ಕಂಡಿಲ್ಲ. ಮೂವತ್ತೈದು ವರ್ಷ ನಮ್ಮೂರು ಹ್ಯಾಸ್ಕಿನ್ ಸುತ್ತಲಿನ ಮಣ್ಣುದಾರಿಗಳಲ್ಲಿ ಅಂಚೆ ಹಂಚಿ ನಿವೃತ್ತನಾದವನು. ವರ್ಲೀನಳ ಹೋಟೆಲಿನಲ್ಲಿ ನಾವೆಲ್ಲ ಬಿಸ್ಕಿಟ್ ಎಂದು ಕರೆಯುವ ಬಿಸಿ ಬನ್ನು, ಗ್ರೇವಿ ಮುಂದಿಟ್ಟುಕೊಂಡು ಕೂತಿದ್ದರೆ ಇವನು ಲೋಟ ಹಿಡಿದು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಗೋಡೆಗೆ. ನನ್ನ ಅಕ್ಕ ನಡೀನ್ ಇವನ ಜೊತೆ ಹೇಗೆ ಏಗಿದಳೋ ದೇವರೇ ಬಲ್ಲ.

ಆ ಗೋಡೆಯ ಮೇಲೆ ನಮ್ಮೂರ ಕಾಲೇಜು ಫುಟ್‌ಬಾಲ್ ತಂಡಕ್ಕೆ ಎರಡು ವರ್ಷ, ಇಲ್ಲವೇ ಹೆಚ್ಚು, ಆಡಿದ ಕ್ವಾರ್ಟರ್‌ಬ್ಯಾಕ್‌ಗಳ ಹೆಸರುಗಳಿವೆ. ನಮ್ಮ ಫುಟ್‌ಬಾಲಿನಲ್ಲಿ ಚೆಂಡು ಕೈಯಲ್ಲೇ ಆಡುವುದು; ಪ್ರತಿ ಸಲವೂ ಅದು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ವರ್ಲೀನಳೇ ಕುಂಚ ಹಿಡಿದು ಬರೆದದ್ದು. ಒಂದೇ ವರ್ಷದವನಿಗೆ ಅಲ್ಲಿ ಜಾಗವಿಲ್ಲ. ಒಂದು ವರ್ಷ ಯಾರಿಗೆ ಬೇಕಾದರೂ ಅದೃಷ್ಟ ಕುದುರುತ್ತದೆ ಎಂಬುದು ನಮ್ಮ ಅಂಬೋಣ. ಆದರೆ ವರ್ಷ ಎಂದರೆ ಎಷ್ಟು? ಇದಕ್ಕೆ ನಿಯಮ ಮಾಡಿದವನು ಆರ್ವಿಲನೇ. ಹನ್ನೊಂದು ಪಂದ್ಯಗಳಲ್ಲಿ ಆರನ್ನಾದರೂ ಶುರು ಮಾಡಿರಬೇಕು. ಶುರು ಎಂದರೆ ತಂಡದ ಮೊದಲ ಚೆಂಡು ಅವನ ಕೈಗೇ ಬಂದಿರಬೇಕು. ಎರಡನೆಯ ಚೆಂಡಿನಿಂದ ಸಂಜೆಯವರೆಗೆ ಆಡಿದರೂ ಅದು ಶುರು ಅಲ್ಲ.

ಈ ನಿಯಮಕ್ಕೆ ಸಿಕ್ಕಿಬಿದ್ದವನು ರಾಯ್ಸ್ ಪೆನ್ನರ್. ಎಂಬತ್ತೊಂದನೇ ಇಸವಿಯಲ್ಲಿ ಹನ್ನೊಂದೂ ಅವನದೇ. ಎಂಬತ್ತರಲ್ಲಿ ಮಾತ್ರ ಐದು. ಆ ವರ್ಷ ಅಲ್ಲಿಯವರೆಗೆ ಶುರು ಮಾಡುತ್ತಿದ್ದ ಹುಡುಗ ಐದನೇ ಪಂದ್ಯದಲ್ಲಿ ಕಾಲು ಮುರಿದುಕೊಂಡ. ಉಳಿದ ಆರೂ ರಾಯ್ಸ್‌ಗೇ ಬರಬೇಕಿತ್ತು. ಆದರೆ ಊರಲ್ಲಿ ನಡೆಯುವ ಕೊನೆಯ ಪಂದ್ಯ ಕಡೇ ವರ್ಷದ ಹುಡುಗರ ದಿನ. ನಾಲ್ಕು ವರ್ಷ ಬೆಂಚು ಸವೆಸಿದವನನ್ನು ಅವತ್ತು ತರಬೇತುದಾರ ಒಂದು ಚೆಂಡಿನ ಮಟ್ಟಿಗೆ ಒಳಗೆ ಕಳಿಸುತ್ತಾನೆ. ಆಮೇಲೆ ಚಪ್ಪಾಳೆ, ಮತ್ತೆ ಬೆಂಚು. ಆ ವರ್ಷ ಒಳಗೆ ಹೋದವನು ನನ್ನ ಭಾವ. ಚೆಂಡು ಹಿಡಿದ, ಓಡುವವನ ಹೊಟ್ಟೆಗೆ ತುರುಕಿದ, ತಂಡಕ್ಕೆ ಎರಡು ಗಜ ಮುನ್ನಡೆ ಸಿಕ್ಕಿತು. ನಾಲ್ಕು ವರ್ಷ ಮೈದಾನದ ಕಡೆ ತಲೆಯೇ ಹಾಕದ ಅವನಪ್ಪ ಅವತ್ತು ಬಂದಿದ್ದ, ಎದ್ದು ನಿಂತು ನೋಡಿದ್ದ. ಕಾಲೇಜಿನ ದಾಖಲೆಯಲ್ಲಿ ಆರ್ವಿಲ್ ಸ್ಟಕೀ ಎಂಬ ಹೆಸರಿನ ಮುಂದೆ ಇರುವುದು ಆ ಒಂದು ಶುರು. ನಿಯಮ ಯಾಕಷ್ಟು ಬಿಗಿ ಎಂದು ಮೇಜಿನ ಸುತ್ತ ಕೂತವರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಕಳೆದ ಅಕ್ಟೋಬರಿನಲ್ಲಿ ಸುದ್ದಿ ಬಂತು: ನಲವತ್ತು ವರ್ಷದ ಮೇಲೆ ರಾಯ್ಸ್ ಶನಿವಾರದ ಪಂದ್ಯಕ್ಕೆ ಟಲ್ಸಾ ನಗರದಿಂದ ಬರುತ್ತಿದ್ದಾನೆ. ವರ್ಲೀನ್ ಬಣ್ಣದ ಡಬ್ಬಿ ತಂದು ಮೇಜಿನ ಮೇಲೆ ಕುಕ್ಕಿದಳು.

"ಅವ್ನು ಬರೋದ್ರೊಳಗೆ ಹೇಳ್ರಪ್ಪಾ. ಬರೀಲೋ, ಬೇಡ್ವೋ?"

"ಬರಿ," ಎಂದ ಟ್ರ್ಯಾಕ್ಟರ್ ರಿಪೇರಿಯ ಗಿಬ್. "ಆವತ್ತು ಇಡೀ ಪಂದ್ಯ ಅವ್ನೇ ಆಡಿದ್ದು. ಮದುವೆ ಕೇಕಿನ ಮೊದಲ್ನೇ ತುಂಡು ತಿಂದೋನೆಲ್ಲ ಮದುಮಗ ಆಗ್ತಾನಾ?"

"ಹಾಗಾದ್ರೆ ಎಷ್ಟು ಚೆಂಡು ಹಿಡಿದ್ರೆ ಶುರು ಅಂತೀಯಾ? ಹತ್ತಾ? ಇಪ್ಪತ್ತಾ?" ಬಾಗಿಲ ಹತ್ತಿರದಿಂದ ಆರ್ವಿಲ್ ಕೂಗಿದ. "ಗೆರೆ ಎಲ್ಲಾದ್ರೂ ಎಳೀಬೇಕಲ್ಲ ಮಾರಾಯ!"

"ನಿನ್ನ ಕಾಲ ಬುಡದಲ್ಲೇ ಎಳ್ಕೊಂಡಿದೀಯಲ್ಲ, ಇನ್ನೇನು ಬಿಡು."

ಮೇಜಿನ ಸುತ್ತ ಕೂತವರೆಲ್ಲ ಹೋ ಎಂದು ನಕ್ಕರು. ಆರ್ವಿಲನ ಕಿವಿ ಕೆಂಪಾಯಿತು. ಹೊರಗೆ ಹೋಗಿ ತನ್ನ ಗಾಡಿಯ ಸುತ್ತ ಎರಡು ಸುತ್ತು ಹಾಕಿ ಹೊರಟೇಹೋದ.

ಗುರುವಾರ ಅಕ್ಕನ ಫೋನು. "ನಿನ್ನ ಭಾವ ಬೇಲಿಗೆ ಬಣ್ಣ ಹೊಡೀತಾ ಇದಾನೆ ಕಣೋ. ಹೋದ ತಿಂಗಳಷ್ಟೇ ಹೊಡೆದ ಬೇಲಿ. ಬಂದು ಏನಾದ್ರೂ ಹೇಳು."

ನಾನು ಸಿಟ್ಟಿನಲ್ಲೇ ಹೋದೆ. ಅರವತ್ತೇಳು ವರ್ಷದ ಮನುಷ್ಯ, ಇದೆಂಥ ಹುಡುಗಾಟ?

"ಭಾವ, ಎರಡು ಗಜ. ಬರೀ ಎರಡೇ ಗಜ. ಬಿಟ್ಟುಬಿಡಬಾರ್ದಾ?"

ಅವನು ಕುಂಚ ನಿಲ್ಲಿಸಲಿಲ್ಲ. "ನೀನು ಅದೇ ತಂಡದಲ್ಲಿ ಮೂರು ವರ್ಷ ಆಡಿದೋನು. ನಿನ್ ಹತ್ರ ಬೇಕಾದಷ್ಟಿದೆ. ನನ್ ಹತ್ರ ಅದೊಂದೇ ಇರೋದು."

ನನಗೆ ನಾಚಿಕೆಯಾಯಿತು. ಇನ್ನೊಂದು ಕುಂಚ ತೆಗೆದುಕೊಂಡು ನಾನೂ ಬಳಿಯತೊಡಗಿದೆ. ಕತ್ತಲಾಗುವ ಹೊತ್ತಿಗೆ ಇಡೀ ಬೇಲಿ ಮುಗಿಯಿತು.

ಶುಕ್ರವಾರ ಬೆಳಿಗ್ಗೆ ಅವನು ಹೋಟೆಲಿಗೆ ಬಂದವನೇ ಕಾಫಿಯನ್ನೂ ಮುಟ್ಟದೆ ವರ್ಲೀನಳಿಗೆ ಹೇಳಿದ: "ಬರಿ. ಕಡೇ ವರ್ಷದೋರ ದಿನ ಕೊಡೋದು ಮರ್ಯಾದೆಗೆ. ಅದು ಶುರು ಅಲ್ಲ. ಆ ಪಂದ್ಯ ರಾಯ್ಸ್‌ದು."

"ನಿಜವಾಗ್ಲೂ ಹೇಳ್ತಿದೀಯಾ?" ಎಂದಳು ವರ್ಲೀನ್.

"ಬರಿ ಅಂದೆನಲ್ಲ, ತಾಯಿ!"

ಗಿಬ್ ಕೂಡ ಹಲ್ಲು ಕಿರಿಯಲಿಲ್ಲ. ತಟ್ಟೆ ನೋಡುತ್ತ ಕೂತ. ಅವಳು ರಾಯ್ಸ್ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದಳು. ಆರ್ವಿಲ್ ಪೂರ್ತಿ ಮುಗಿಯುವವರೆಗೆ ನಿಂತಿದ್ದು ಹೋದ.

ಶನಿವಾರ ರಾಯ್ಸ್ ಬಂದ. ದಪ್ಪಗಾಗಿದ್ದ, ಮಂಡಿ ನೋವಿಗೆ ಕೋಲು ಹಿಡಿದಿದ್ದ. ಗೋಡೆಯ ಮೇಲೆ ತನ್ನ ಹೆಸರು ಕಂಡು ಕಣ್ಣು ಒರೆಸಿಕೊಂಡ, ಎಲ್ಲರ ಕೈ ಕುಲುಕಿದ. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಗಿಬ್‌ನ ಬಾಯಿ ಮಾತ್ರ ಸುಮ್ಮನಿರಲಿಲ್ಲ.

"ಆರ್ವಿಲ್‌ಗೆ ಒಂದು ಥ್ಯಾಂಕ್ಸ್ ಹೇಳಪ್ಪಾ ನೀನು. ಎಂಬತ್ತನೇ ಇಸವಿ, ಕಡೇ ವರ್ಷದೋರ ದಿನ, ಆ ಶುರು ಅವ್ನು ಬಿಟ್ಟುಕೊಟ್ಟಿದ್ದಕ್ಕೇ ನಿನ್ ಹೆಸರು ಗೋಡೆ ಹತ್ತಿದ್ದು."

ರಾಯ್ಸ್ ಹುಬ್ಬು ಗಂಟಿಕ್ಕಿ ಯೋಚಿಸಿದ. "ಆವತ್ತಾ? ಆವತ್ತು ಶುರು ಮಾಡಿದ್ದು ನಾನೇ ಅಲ್ವಾ? ಬೇರೆ ಯಾರಾದ್ರೂ ಇದ್ರಾ?"

ಅವನ ಮುಖದಲ್ಲಿ ಕುಹಕವಿರಲಿಲ್ಲ. ಮರೆತಿದ್ದ, ಅಷ್ಟೇ. ನನಗೆ ಎದ್ದು ಆ ಕೋಲು ಕಿತ್ತುಕೊಂಡು ಎಸೆಯುವಷ್ಟು ಕೋಪ ಬಂತು. ಇನ್ನು ಆರ್ವಿಲ್ ಸುಮ್ಮನಿರುವುದುಂಟೇ? ಯಾರಾದರೂ ಹಳೆಯ ಪಂದ್ಯದ ಅಂಕ ತಪ್ಪು ಹೇಳಿದರೆ ಸಾವಿನ ಮನೆಯಲ್ಲಿ ಶವದ ಪೆಟ್ಟಿಗೆಯ ಮುಂದೆ ನಿಂತೂ ತಿದ್ದುವ ಮನುಷ್ಯ ಅವನು. ನಾವೆಲ್ಲ ಅವನತ್ತ ತಿರುಗಿದೆವು.

"ಇಲ್ಲಪ್ಪ, ನೀನೇ ಶುರು ಮಾಡಿದ್ದು," ಎಂದ ಆರ್ವಿಲ್. "ನಾನು ಬೆಂಚಿನ ಮೇಲಿಂದ ನೋಡ್ತಾ ಇದ್ದೆ."