ನಮ್ಮನ್ನು ಹೊರಗೆ ಕಳಿಸಿದ ಪುಟಗಳು

ನಮ್ಮ ಇಂಗ್ಲಿಷ್ ಪ್ರೊಫೆಸರರು ಬಹಳ ಸಭ್ಯರು ಎಂದು ಸಾಂಗ್ಲಿಯಲ್ಲಾಗಲಿ ಮಿರಜಿನಲ್ಲಾಗಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಆ ಮಾತು ನೆನಪಾದರೆ ಇಂದಿಗೂ ನನಗೆ ಮೈ ಉರಿಯುತ್ತದೆ. ಒರಟರ ಜೊತೆ ಜಗಳವಾಡಬಹುದು. ಸಭ್ಯರ ಜೊತೆ ಜಗಳವಾಡಿದರೆ ತಪ್ಪು ನಮ್ಮದೇ ಆಗಿಬಿಡುತ್ತದೆ.

ಇನ್ನೂ ಸಂಸ್ಥಾನಗಳಿದ್ದ ಕಾಲ. ನಾನು ಮಿರಜಿನಿಂದ ರೈಲಿನಲ್ಲಿ ಸಾಂಗ್ಲಿ ಹತ್ತಿರದ ವಿಶ್ರಾಮಬಾಗದ ಕಾಲೇಜಿಗೆ ಹೋಗುತ್ತಿದ್ದೆ, ಇಂಟರ್ ತರಗತಿಗೆ. ನಮ್ಮದು ಲಿಂಗಾಯತ ವ್ಯಾಪಾರಸ್ಥರ ಮನೆ, ಅರಿಷಿಣ ಬೆಲ್ಲದ ಅಂಗಡಿ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಇಂಗ್ಲಿಷ್ ಕಲಿಯಲು ಹೊರಟ ಮೊದಲ ಹೆಣ್ಣು ನಾನು. ಅಪ್ಪ ಒಂದೇ ಷರತ್ತು ಹಾಕಿದ್ದರು. ಮೊದಲ ಸಲಕ್ಕೇ ಇಂಟರ್ ಪಾಸಾದರೆ ಮುಂದೆ ಬಿ.ಎ. ನಪಾಸಾದರೆ ಮದುವೆ. ನಿಪ್ಪಾಣಿಯ ಕಡೆಯ ವರ ಆಗಲೇ ಗೊತ್ತಾಗಿದ್ದ.

ತರಗತಿಯಲ್ಲಿ ನಾವು ನಾಲ್ವರು ಹುಡುಗಿಯರು. ಹುಡುಗಿಯರ ಕೋಣೆಯಲ್ಲಿ ಕಾಯಬೇಕು, ಪ್ರೊಫೆಸರರು ಬಂದಾಗ ಅವರ ಹಿಂದೆ ಸಾಲಾಗಿ ಒಳಗೆ ಹೋಗಬೇಕು, ಗಂಟೆ ಹೊಡೆದಾಗ ಅವರ ಹಿಂದೆಯೇ ಹೊರಗೆ ಬರಬೇಕು. ಇದು ಎಲ್ಲ ವಿಷಯಗಳಿಗೂ ಇದ್ದ ಪದ್ಧತಿ. ಇಂಗ್ಲಿಷಿಗೆ ಮಾತ್ರ ಇನ್ನೊಂದು ಪದ್ಧತಿಯೂ ಇತ್ತು. ಪಠ್ಯಕ್ಕೆ ಇಟ್ಟ ನಾಟಕದಲ್ಲಿ ಕೆಲವು ಪುಟ ಬಂದ ಕೂಡಲೇ ಪ್ರೊಫೆಸರರು ಪುಸ್ತಕದಲ್ಲಿ ಬೆರಳಿಟ್ಟು, ಕಿಟಕಿಯ ಕಡೆ ನೋಡುತ್ತ, "ಲೇಡೀಸ್ ಹೋಗಬಹುದು" ಎನ್ನುತ್ತಿದ್ದರು. ನಾವು ಎದ್ದು ಹೋಗುತ್ತಿದ್ದೆವು. ಗೋಡೆಯಾಚೆಯಿಂದ ಹುಡುಗರ ನಗು ಕೇಳಿಸುತ್ತಿತ್ತು. ನಮ್ಮ ಪರೀಕ್ಷೆ ಮಾತ್ರ ಅವರದೇ ಪರೀಕ್ಷೆ, ಅದೇ ಪ್ರಶ್ನೆಪತ್ರಿಕೆ.

ಮೂರನೆಯ ಸಲ ಹೊರಗೆ ಕಳಿಸಿದ ದಿನ ನಾನು ವರಾಂಡದಲ್ಲಿ ನಿಂತು ಕೇಳಿದೆ, ಆ ಭಾಗ ಓದುವುದು ಹೇಗೆ ಸರ್ ಎಂದು. "ಅದನ್ನು ಬಿಟ್ಟುಬಿಡಿ. ಬೇರೆ ಪ್ರಶ್ನೆ ಬರೆದರಾಯಿತು" ಎಂದು ನಯವಾಗಿ ಹೇಳಿ ಹೋದರು. ಕಾಕಾನ ಮಗ ಅದೇ ತರಗತಿಯಲ್ಲಿದ್ದ. ಅವನ ನೋಟ್ಸ್ ಕೇಳಿದರೆ, "ಆ ಪುಟದ್ದ ನಿನಗ ಹೆಂಗ ಕೊಡಲಿ? ಮನ್ಯಾಗ ಗೊತ್ತಾದ್ರ ನನ್ನ ಕಾಲ ಮುರೀತಾರ" ಎಂದ. ಪಾಪ, ಅವನ ಕಾಲಿನ ಚಿಂತೆ ಅವನಿಗೆ.

ಕೊನೆಗೆ ಲೈಬ್ರರಿಯ ಡಿಕ್ಷನರಿ ಎದುರಿಗಿಟ್ಟುಕೊಂಡು, ಹುಡುಗಿಯರ ಕೋಣೆಯಲ್ಲಿ ಎಂಟು ದಿನ ಕೂತು ನಾನೇ ಓದಿದೆ. ಒಂದು ಮುತ್ತು ಇತ್ತು, ಇಲ್ಲವೆನ್ನುವುದಿಲ್ಲ, ಅರ್ಧ ಸಾಲಿನಷ್ಟು. ಉಳಿದದ್ದೆಲ್ಲ ಹೆಂಡತಿಯೊಬ್ಬಳು ಗಂಡನಿಗೆ ಎದುರು ನಿಂತು ಆಡುವ ಮಾತು. ನನ್ನನ್ನು ಕೇಳದೆ ನನ್ನ ಬಗ್ಗೆ ಏಕೆ ತೀರ್ಮಾನ ಮಾಡಿದಿರಿ ಎಂದು ಕೇಳುತ್ತಾಳೆ. ಇದನ್ನೇ ನಮ್ಮಿಂದ ಮುಚ್ಚಿಟ್ಟಿದ್ದರು. ನನಗೆ ಸಿಟ್ಟು ನೆತ್ತಿಗೇರಿತು.

ಮುಂದಿನ ಸಲ "ಲೇಡೀಸ್ ಹೋಗಬಹುದು" ಎಂದಾಗ ಮೂವರು ಎದ್ದು ಹೋದರು. ನಾನು ಏಳಲಿಲ್ಲ.

"ಕೇಳಿಸಲಿಲ್ಲವೆ?" ಎಂದರು ಪ್ರೊಫೆಸರರು.

"ಕೇಳಿಸಿತು ಸರ್. ಪರೀಕ್ಷೆಯಲ್ಲಿ ನನಗೆ ಬೇರೆ ಪೇಪರ್ ಕೊಡುತ್ತಾರೆಯೆ?"

ಅವರು ಬೈಯಲಿಲ್ಲ. ಪುಸ್ತಕ ಮುಚ್ಚಿ, ಕೋಟಿನ ಗುಂಡಿ ಹಾಕಿಕೊಂಡು ಹೊರಗೆ ನಡೆದರು. ತರಗತಿ ತುಂಬ ಹುಡುಗರು, ನಾನೊಬ್ಬಳೇ ಹುಡುಗಿ, ಪ್ರೊಫೆಸರರಿಲ್ಲ. ಅಂಥದ್ದು ಆ ಕಾಲೇಜಿನಲ್ಲಿ ಅದುವರೆಗೆ ನಡೆದಿರಲಿಲ್ಲ. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. ನಾನು ಪುಸ್ತಕ ಎತ್ತಿಕೊಂಡು ಹೊರಗೆ ನಡೆದೆ.

ನಾನು ಮಿರಜ ಮುಟ್ಟುವುದರೊಳಗೆ ಸುದ್ದಿ ಮನೆ ಮುಟ್ಟಿತ್ತು, ಕಾಕಾನ ಮಗನ ಕೃಪೆ. ಹುಡುಗರ ನಡುವೆ ಒಬ್ಬಳೇ ಕುಳಿತಿದ್ದಳು ಎನ್ನುವುದಷ್ಟೇ ಸುದ್ದಿ. ಯಾಕೆ ಕುಳಿತಿದ್ದಳು ಎನ್ನುವುದು ಯಾರಿಗೂ ಬೇಕಿರಲಿಲ್ಲ. ಅಪ್ಪ ಮಾತ್ರ ಕೇಳಿದರು. ನಾನು ಹೇಳಿದೆ.

"ಆ ಪುಸ್ತಕ ತಗೊಂಡ ಬಾ. ಏನೈತಿ ಅದರಾಗ, ಕನ್ನಡದಾಗ ಹೇಳು" ಎಂದರು.

ಪಡಸಾಲೆಯಲ್ಲಿ ಕೂತು ಸಾಲುಸಾಲಾಗಿ ಹೇಳಿದೆ, ಆ ಅರ್ಧ ಸಾಲನ್ನೂ ಬಿಡದೆ. ಅಪ್ಪ ಪೂರ್ತಿ ಕೇಳಿದರು.

"ಇಷ್ಟನ? ಇದನ್ನ ನಿಮ್ಮವ್ವ ದಿನಾ ಅಂತಾಳ."

"ಅಂತೀನ್ರಿ. ನೀವ ಯಾವತ್ತ ಕೇಳೀರಿ?" ಎಂದಳು ಅವ್ವ ಅಡಿಗೆಮನೆಯಿಂದ.

ಅಪ್ಪ ನಕ್ಕರು. ನಾನು ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಅವರು ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡು, "ನಿಂದೇನೂ ತಪ್ಪಿಲ್ಲ. ಆದ್ರ ಊರ ಮಂದಿಗೆಲ್ಲಾ ಇದನ್ನ ಯಾರು ಓದಿ ಹೇಳವ್ರು? ಕಾಲೇಜಿಗೆ ಹೋಗೂದಾದ್ರ ಅವರು ಏಳು ಅಂದಾಗ ಏಳು. ಇಲ್ಲಂದ್ರ ಮನ್ಯಾಗ ಇರು" ಎಂದರು.

ನನಗೆ ಬಿ.ಎ. ಬೇಕಾಗಿತ್ತು. ಮರುದಿನ ಆ ಪುಟ ಮತ್ತೆ ತೆರೆಯಿತು. ಅವರು ಕಿಟಕಿಯ ಕಡೆ ನೋಡುವ ಮೊದಲೇ ನಾನು ಎದ್ದು ನಿಂತೆ. ಪ್ರೊಫೆಸರರು ನನ್ನ ಕಡೆ ತಿರುಗಿ, "ಥ್ಯಾಂಕ್ಯೂ" ಎಂದರು. ಆ ಥ್ಯಾಂಕ್ಯೂ ಬದಲು ಕಪಾಳಕ್ಕೆ ಹೊಡೆದಿದ್ದರೂ ಸಹಿಸುತ್ತಿದ್ದೆ.

ಪರೀಕ್ಷೆಯಲ್ಲಿ ಆ ಹೆಂಡತಿಯ ಮೇಲೆಯೇ ಪ್ರಶ್ನೆ ಬಂದಿತು. ಉಳಿದ ಮೂವರು ಅದನ್ನು ಬಿಟ್ಟರು, ನಾನು ನಾಲ್ಕು ಪುಟ ಬರೆದೆ. ಮೊದಲ ಸಲಕ್ಕೇ ಪಾಸಾದೆ, ಅದೂ ಒಳ್ಳೆಯ ಅಂಕ ತೆಗೆದುಕೊಂಡು. ಮನೆಯಲ್ಲಿ ಹೋಳಿಗೆ ಮಾಡಿದರು, ಈಗ ಮದುವೆ ಇಲ್ಲವೆಂದು ನಿಪ್ಪಾಣಿಯವರಿಗೆ ಕಾಗದ ಹೋಯಿತು.

ಬಿ.ಎ.ಗೆ ಸೇರಿದ ಮೇಲೆ ಒಂದು ದಿನ ಇಂಟರ್ ತರಗತಿಯ ಮುಂದೆ ಹಾದು ಹೋಗುತ್ತಿದ್ದೆ. ಅದೇ ನಾಟಕ ನಡೆದಿತ್ತು. ಯಾವಳೋ ಹೊಸ ಹುಡುಗಿ ಏಳುವುದಕ್ಕೆ ತಡಮಾಡಿರಬೇಕು. ಪ್ರೊಫೆಸರರು ತಮ್ಮ ಎಂದಿನ ನಯವಾದ ದನಿಯಲ್ಲಿ ಅವಳಿಗೆ ಹೇಳುತ್ತಿದ್ದರು: "ಚಿಂತೆ ಮಾಡಬೇಡಿ. ಹೋದ ವರ್ಷ ಮಿರಜಿನ ಒಬ್ಬ ಹುಡುಗಿ ಈ ಪಾಠಕ್ಕೆಲ್ಲ ಹೊರಗೇ ಇದ್ದಳು. ಅವಳಿಗೇನು ಕಡಿಮೆಯಾಯಿತು?"